ಮಂತ್ರಿಗಳ ಉತ್ತರವನ್ನು ನಾನೇ ಓದಿದ್ದು

ನನ್ನನ್ನು ಪಾರ್ಲಿಮೆಂಟಿಗೆ ಕಳಿಸಿದ್ದು ನನ್ನ ಬುದ್ಧಿಯಲ್ಲ, ಗಂಟಲು. ಇಸೊಸಾಕಿಯ ಬಂದರಿನಲ್ಲಿ ಬೆಳಗಿನ ಮೀನು ಹರಾಜಿಗೆ ಬೆಲೆ ಕೂಗುತ್ತಿದ್ದವನು ನಾನು, ನಿನೋಮಿಯಾ ತೆತ್ಸುಜಿ. ವಿರೋಧ ಪಕ್ಷದವರು ಅಭ್ಯರ್ಥಿಯನ್ನು ಹುಡುಕಿಕೊಂಡು ನಮ್ಮೂರಿಗೆ ಬಂದಾಗ ಮರ್ಯಾದಸ್ಥರೆಲ್ಲ ಒಲ್ಲೆವೆಂದುಬಿಟ್ಟಿದ್ದರು. ಉಳಿದವನು ನಾನೊಬ್ಬ. ಮತದಾನದ ವಾರವೇ ಎದುರಾಳಿಯ ಲಂಚದ ಹಗರಣವೊಂದು ಹೊರಬಿದ್ದು, ನನಗೇ ನಂಬಿಕೆ ಬಾರದಂತೆ ಗೆದ್ದುಬಿಟ್ಟೆ.

ಟೋಕಿಯೋದಲ್ಲಿ ಪಕ್ಷ ನನಗೆ ಕೊಟ್ಟದ್ದು ಹಿಂದಿನ ಸಾಲು. ಮಂತ್ರಿ ಎದ್ದು ನಿಂತರೆ "ನೆಟ್ಟಗೆ ಉತ್ತರ ಕೊಡಯ್ಯಾ!" ಅನ್ನಬೇಕು, ಕೂತರೆ "ಓಡಿಹೋಗ್ತೀಯಾ?" ಅನ್ನಬೇಕು. ಇಷ್ಟೇ ಕೆಲಸ. ಇದಕ್ಕೆ ಸಂಬಳ, ರೈಲಿನ ಪಾಸು, ಕೋಟಿನ ಎದೆಗೆ ಚಿನ್ನದ ಬಣ್ಣದ ಬಿಲ್ಲೆ. ಮೀನು ಮಾರುವಾಗಲೂ ಇಷ್ಟು ಸುಖ ಇರಲಿಲ್ಲ.

ಆ ವರ್ಷ ಬ್ಯಾಂಕುಗಳು ಒಂದರ ಹಿಂದೊಂದು ಮಕಾಡೆ ಮಲಗುತ್ತಿದ್ದವು. ಟೀವಿ ಹಾಕಿದರೆ ಸಾಕು, ಯಾವುದೋ ಬ್ಯಾಂಕಿನ ಹಿರಿಯರು ಸಾಲಾಗಿ ನಿಂತು ಸೊಂಟದವರೆಗೆ ಬಾಗಿ ಕ್ಷಮೆ ಕೇಳುತ್ತಿರುತ್ತಿದ್ದರು. ಹಣಕಾಸು ಮಂತ್ರಿ ಮಾತ್ರ ದಿನವೂ ಒಂದೇ ಪಾಠ ಒಪ್ಪಿಸುತ್ತಿದ್ದರು: ಜನರ ಠೇವಣಿಗೆ ಏನೂ ಆಗುವುದಿಲ್ಲ, ಸರ್ಕಾರ ಕಾಪಾಡುತ್ತದೆ.

ನನ್ನ ಸೋದರತ್ತೆ ತೊಮಿಯೆಗೆ ಆ ಪಾಠದಿಂದ ಸಮಾಧಾನವಾಗಿರಲಿಲ್ಲ. ಅತ್ತೆ ಬಂದರಿನ ಬಳಿ ಸಣ್ಣ ಮೀನನ್ನು ರುಬ್ಬಿ ವಡೆ ತಟ್ಟಿ ಕರಿದು ಮಾರುವವಳು. ಮಾವ ತೀರಿಕೊಂಡ ಮೇಲೆ ಕಾದ ಎಣ್ಣೆಯ ಮುಂದೆ ನಿಂತೇ ಕೂಡಿಟ್ಟದ್ದೆಲ್ಲ ಊರಿನ ಸಹಕಾರ ಸಂಘದಲ್ಲಿತ್ತು. ವಸಂತದಲ್ಲಿ ಸಂಘದ ಮ್ಯಾನೇಜರ್ ಓಚಿ ಮನೆಮನೆಗೆ ಬಂದು, ಠೇವಣಿಯನ್ನು ಸಂಘದ ಷೇರಾಗಿ, ಅಂದರೆ ಪಾಲುಹಣವಾಗಿ ಬದಲಾಯಿಸಿಕೊಂಡರೆ ಲಾಭ ಹೆಚ್ಚು ಎಂದು ಸಿಕ್ಕವರ ಕೈಲೆಲ್ಲ ಕಾಗದಕ್ಕೆ ಸಹಿಯ ಮುದ್ರೆ ಒತ್ತಿಸಿಕೊಂಡಿದ್ದ. ಅರ್ಧ ಊರು ಒತ್ತಿತ್ತು, ಅತ್ತೆಯೂ ಒತ್ತಿದ್ದಳು.

"ಆ ಮಂತ್ರಿ ಬರೀ ಠೇವಣಿ ಠೇವಣಿ ಅಂತಾನೆ ಕಣೋ ತೆತ್ಸು," ಎಂದು ಫೋನಿನಲ್ಲಿ ಕೇಳಿದಳು. "ಪಾಲಿನ ದುಡ್ಡಿನ ವಿಷ್ಯ ಬಾಯೇ ಬಿಡಲ್ಲ. ಸಂಘ ಮುಳುಗಿದ್ರೆ ಅದು ವಾಪಸ್ ಬರುತ್ತೋ ಇಲ್ವೋ?"

"ಅದೆಲ್ಲ ಓಚಿನ್ನೇ ಕೇಳಬಾರದಾ ಅತ್ತೆ?"

"ಓಚಿ ಏನಂತಾನೆ? ನಗ್ತಾನೆ, ಟೀ ಕೊಡ್ತಾನೆ. ನೀನು ಅಲ್ಲೇ ಇದೀಯಲ್ಲ, ಕೇಳಿಬಿಡು. ಬರಲ್ಲ ಅಂದ್ರೆ ಅವತ್ತೇ ಹೋಗಿ ತಗೊಂಡ್ ಬಂದ್ಬಿಡ್ತೀನಿ."

ನಿಯಮದ ಪ್ರಕಾರ ಪಾಲುಹಣ ಸಿಗುವುದು ವರ್ಷದ ಕೊನೆಗೆ. ಆದರೆ ನಮ್ಮೂರಲ್ಲಿ ಕೇಳಿದ ದಿನವೇ ಕೊಡುವುದು ವಾಡಿಕೆ. ಓಚಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ನೋಟು ಇರುವ ತನಕ ಯಾರಿಗೂ ತೊಂದರೆಯಿರಲಿಲ್ಲ.

"ಆಗ್ಲಿ ಅತ್ತೆ, ಮಂತ್ರಿನ ಹಿಡಿದು ಕೇಳ್ತೀನಿ," ಎಂದೆ. ಹಿಂದಿನ ಸಾಲಿನಿಂದ ಮಂತ್ರಿಯನ್ನು ಹಿಡಿಯುವುದು ಹೇಗೆಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆದರೆ ಅದೃಷ್ಟ ನೋಡಿ. ಬಜೆಟ್ ಸಮಿತಿಯಲ್ಲಿ ಪ್ರಶ್ನೆ ಕೇಳಬೇಕಾಗಿದ್ದ ನಮ್ಮ ಹಿರಿಯರೊಬ್ಬರು ಮೂತ್ರದ ಕಲ್ಲಿನ ನೋವಿನಿಂದ ಆಸ್ಪತ್ರೆ ಸೇರಿದರು. ಅವರ ಕಾಲು ಗಂಟೆ ಯಾರಿಗೂ ಬೇಡವಾಗಿ, ಪಕ್ಷದ ಸದನ ಮುಖಂಡ ನಿಶಿಓಕಾ ಅದನ್ನು ನನ್ನ ಮಡಿಲಿಗೆ ಹಾಕಿದರು. ಮರುದಿನವೇ, ದೇಶದುದ್ದಕ್ಕೂ ಟೀವಿಯಲ್ಲಿ ನೇರ ಪ್ರಸಾರ!

ಮೊದಲು ಮಾಡಿದ ಕೆಲಸ ಊರಿಗೆ ಫೋನು. ನನ್ನ ಬೆಂಬಲಿಗರ ಸಂಘದವರು ಮೀನುಗಾರರ ಸಭಾಂಗಣದಲ್ಲಿ ದೊಡ್ಡ ಟೀವಿ ಇಡುವುದೆಂದು ತೀರ್ಮಾನವಾಯಿತು. ಎರಡನೆಯ ಕೆಲಸ ಹೊಸ ಟೈ. ಪ್ರಶ್ನೆಯ ನೆನಪು ಬಂದದ್ದು ಸಂಜೆ, ಹಣಕಾಸು ಇಲಾಖೆಯ ಅಧಿಕಾರಿ ಕುಸಕಾಬೆ ನನ್ನ ಕೋಣೆಯ ಬಾಗಿಲಲ್ಲಿ ಬಾಗಿ ನಿಂತಾಗ.

ನಮ್ಮಲ್ಲಿ ಪದ್ಧತಿಯೇ ಹಾಗೆ. ನಾಳೆ ಮಂತ್ರಿಯನ್ನು ಏನು ಕೇಳುತ್ತೀರೆಂದು ಇಲಾಖೆಯವರು ಇಂದೇ ಬಂದು ಬರೆದುಕೊಂಡು ಹೋಗಿ, ಉತ್ತರ ತಯಾರಿಸಿ ಮಂತ್ರಿಯ ಕೈಗಿಡುತ್ತಾರೆ. ಮಂತ್ರಿ ಓದುತ್ತಾರೆ. ನಾವು ಸಿಟ್ಟಾಗುತ್ತೇವೆ. ಎಲ್ಲ ಮೊದಲೇ ಗೊತ್ತಿದ್ದೇ ಸಿಟ್ಟಾಗುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು.

"ಗುರುಗಳೇ, ನಾಳೆ ಏನು ಕೇಳೋಣ ಅಂತಿದೀರಿ?" ಎಂದರು ಕುಸಕಾಬೆ. ಹರಾಜು ಕೂಗುವವನೇ ಆದರೂ ಗೆದ್ದು ಬಂದರೆ ಗುರುಗಳೇ ಅನ್ನುವ ಊರು ಅದು.

"ಸಹಕಾರ ಸಂಘ ಮುಳುಗಿದ್ರೆ ಪಾಲಿನ ಹಣ ವಾಪಸ್ ಬರುತ್ತಾ ಅಂತ."

ಕುಸಕಾಬೆ ಪೆನ್ನು ನಿಲ್ಲಿಸಿದರು. "ಒಳ್ಳೇ ಪ್ರಶ್ನೆ. ಆದ್ರೆ ಟೀವಿಲಿ ಸ್ವಲ್ಪ... ಬೋಳು ಅನ್ನಿಸಬಹುದು. ಅಡ್ಡಿಯಿಲ್ಲ ಅಂದ್ರೆ ಇದನ್ನ ಸದನದ ಭಾಷೇಲಿ ನಾವೇ ಬರೆದು ಕಳಿಸ್ಲಾ? ಉತ್ತರದ ಪ್ರತೀನೂ ಜೊತೆಗಿಡ್ತೀವಿ, ತಮಗೆ ದಿಗಿಲಾಗಬಾರದು ನೋಡಿ."

ಸರ್ಕಾರವನ್ನು ಕೇಳುವ ಪ್ರಶ್ನೆಯನ್ನು ಸರ್ಕಾರವೇ ಬರೆದುಕೊಡುವುದು ಸರಿಯೇ ಎಂದು ನನಗೆ ಹೊಳೆಯಲಿಲ್ಲವೆಂದಲ್ಲ, ಹೊಳೆಯಿತು. ಆದರೆ ಕನ್ನಡಿಯ ಮುಂದೆ ಟೈ ಕಟ್ಟಿ ನೋಡುವುದು ಬಾಕಿಯಿತ್ತು.

"ಬರೆದುಬಿಡಿ," ಎಂದೆ, ದೊಡ್ಡ ಮನುಷ್ಯನಂತೆ.

ಬೆಳಗ್ಗೆ ಎರಡು ಹಾಳೆ ಬಂದವು. ಎರಡರಲ್ಲೂ "ಸದರಿ ವಿಷಯಕ್ಕೆ ಸಂಬಂಧಿಸಿದಂತೆ" ಎಂದೇ ಶುರು, ಎರಡರಲ್ಲೂ ಉಸಿರು ಕಟ್ಟುವಷ್ಟು ಉದ್ದದ ವಾಕ್ಯಗಳು. ನಾನು ಧ್ವನಿಯ ಏರಿಳಿತ ಅಭ್ಯಾಸ ಮಾಡಿದೆ. ಎಲ್ಲಿ ಮೇಜು ಗುದ್ದಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ. ಬರೆದದ್ದರ ಅರ್ಥವೇನೆಂದು ಮಾತ್ರ ನೋಡಲಿಲ್ಲ.

ಸಮಿತಿಯ ಅಧ್ಯಕ್ಷರು "ನಿನೋಮಿಯಾ ತೆತ್ಸುಜಿ ಅವರು" ಎಂದು ಕರೆದರು. ಎದ್ದೆ. ಕ್ಯಾಮೆರಾದ ಕೆಂಪು ದೀಪ ಕಂಡಿತು. ಮೇಲಿದ್ದ ಹಾಳೆ ಹಿಡಿದು ಬಂದರಿನ ಗಂಟಲಲ್ಲಿ ಓದತೊಡಗಿದೆ.

"ಸದರಿ ವಿಷಯಕ್ಕೆ ಸಂಬಂಧಿಸಿದಂತೆ, ನಿರ್ದಿಷ್ಟ ಸಂಸ್ಥೆಗಳ ಕುರಿತು ಅಭಿಪ್ರಾಯ ವ್ಯಕ್ತಪಡಿಸುವುದು ಉಚಿತವಲ್ಲವೆಂದು ಭಾವಿಸುತ್ತಲೇ, ಸದಸ್ಯರ ಪಾಲುಹಣವು ಠೇವಣಿಗಿಂತ ಭಿನ್ನ ಸ್ವರೂಪದ್ದಾಗಿರುವುದರಿಂದ, ಆಯಾ ಸದಸ್ಯರ ಸ್ವಂತ ಹೊಣೆಗಾರಿಕೆಯನ್ನು ಗಮನದಲ್ಲಿಟ್ಟುಕೊಂಡು, ಸರ್ಕಾರವು ಸೂಕ್ತವಾಗಿ ಪರಿಶೀಲಿಸುವುದೆಂದು ತಿಳಿಸಬಯಸುತ್ತೇನೆ!"

"ತಿಳಿಸಬಯಸುತ್ತೇನೆ" ಎಂಬಲ್ಲಿ ಮೇಜು ಗುದ್ದಿದೆ. ಗುದ್ದಿದ ಮೇಲೆ ಅರ್ಥವಾಯಿತು.

ಸಭೆ ಬಿದ್ದು ಬಿದ್ದು ನಕ್ಕಿತು. ಆಡಳಿತ ಪಕ್ಷದ ಸಾಲಿನಿಂದ ಯಾರೋ "ಮಂತ್ರಿಗಳೇ, ಕುರ್ಚಿ ಬಿಟ್ಕೊಡಿ, ಇವರೇ ವಾಸಿ!" ಎಂದು ಕೂಗಿದರು. ನಿಶಿಓಕಾ ಹಣೆಗೆ ಕೈಹಚ್ಚಿಕೊಂಡು ಕೂತರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಹಣಕಾಸು ಮಂತ್ರಿಗಳು," ಎಂದರು ಅಧ್ಯಕ್ಷರು. ಅವರಿಗೆ ಕರೆಯದೆ ವಿಧಿಯಿಲ್ಲ.

ಮಂತ್ರಿ ಎದ್ದರು. ಕೈಯಲ್ಲಿ ಅದೇ ಹಾಳೆ. ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಈಗಾಗಲೇ ಓದಿಯಾದದ್ದನ್ನು ಮತ್ತೆ ಓದುವುದು ಹೇಗೆ?

"ಮಾನ್ಯ ಸದಸ್ಯರು ಹೇಳಿದ್ದೇ... ನನ್ನ ಅಭಿಪ್ರಾಯವೂ ಹೌದು," ಎಂದು ಕೂತರು.

ಮತ್ತೆ ನಗು. ನಾನು ಏನಾದರೂ ಕೇಳಲೇಬೇಕಿತ್ತು, ಇನ್ನೊಂದು ಹಾಳೆ ಎಲ್ಲಿ ಹೋಯಿತೋ ಕಾಣಲಿಲ್ಲ. ತಲೆಯಲ್ಲಿ ಇದ್ದದ್ದು ಅತ್ತೆಯ ಮಾತೊಂದೇ. ಅದೇ ಬಾಯಿಗೆ ಬಂತು, ನಮ್ಮೂರಿನ ಭಾಷೆಯಲ್ಲೇ.

"ಅದೆಲ್ಲಾ ಬಿಡಿ ಮಂತ್ರಿಗಳೇ. ಪಾಲಿನ ದುಡ್ಡು ವಾಪಸ್ ಬರುತ್ತೋ, ಇಲ್ವೋ?"

ಮಂತ್ರಿಗೆ ಇದಕ್ಕೆ ಹಾಳೆಯಿರಲಿಲ್ಲ. ಹಿಂದೆ ತಿರುಗಿದರು. ಕುಸಕಾಬೆ ಬಗ್ಗಿಕೊಂಡೇ ಓಡಿಬರುತ್ತಿದ್ದರು, ದಾರಿಯಲ್ಲಿ ಕುರ್ಚಿಯ ಕಾಲು ಎಡವಿದರು. ಮಂತ್ರಿ ಕಾಯುವಷ್ಟು ಹೊತ್ತು ಕಾದರು, ಆಮೇಲೆ ಮೈಕಿನ ಕಡೆ ತಿರುಗಿ, ಮನೆಯಲ್ಲಿ ಹೆಂಡತಿಗೆ ಹೇಳುವ ದನಿಯಲ್ಲಿ ಹೇಳಿಬಿಟ್ಟರು.

"ಬರಲ್ಲ. ಕಾನೂನು ಇರೋದೇ ಹಾಗೆ."

ಸಭೆ ಹೋ ಎಂದಿತು. ನಮ್ಮವರೆಲ್ಲ ಅಧ್ಯಕ್ಷರ ಮೇಜನ್ನು ಮುತ್ತಿದರು, ಅವರ ಕಡೆಯವರೂ ಮುತ್ತಿದರು. ಅಧ್ಯಕ್ಷರು ಕಲಾಪ ಬರೆದುಕೊಳ್ಳುವವರಿಗೆ ಪೆನ್ನು ಕೆಳಗಿಡಲು ಹೇಳಿದರು. ವಿರೋಧ ಪಕ್ಷದವನೊಬ್ಬ ಹೀಗೆ ಪೆನ್ನು ನಿಲ್ಲಿಸಿ ಕಲಾಪವನ್ನೇ ತಡೆಯುವುದೆಂದರೆ ನಮ್ಮಲ್ಲಿ ಸಣ್ಣ ವಿಷಯವಲ್ಲ. ಎಷ್ಟೋ ಹಿರಿಯರು ಅದಿಲ್ಲದೆ ನಿವೃತ್ತರಾಗಿದ್ದಾರೆ.

ಗಲಾಟೆ ಇಳಿದಾಗ ನಿಶಿಓಕಾ ನನ್ನ ಕೋಟು ಜಗ್ಗಿದರು. "ಸಾಕು, ಕೂತ್ಕೊ. ಇದಕ್ಕಿಂತ ಚೆನ್ನಾಗಿ ಇನ್ನೇನೂ ಆಗಲ್ಲ."

ನನಗೆ ಇನ್ನೂ ಸಮಯ ಉಳಿದಿತ್ತು. ಕೆಂಪು ದೀಪ ಉರಿಯುತ್ತಲೇ ಇತ್ತು. ಕೂರಲಿಲ್ಲ. ಇಸೊಸಾಕಿಯ ಸಮುದ್ರದ ಬಗ್ಗೆ ಹೇಳಿದೆ. ಗುಡ್ಡದ ಕಿತ್ತಳೆಯ ಬಗ್ಗೆ ಹೇಳಿದೆ. ಬೆಂಬಲಿಗರ ಸಂಘದ ಪದಾಧಿಕಾರಿಗಳ ಹೆಸರನ್ನು ಒಬ್ಬೊಬ್ಬರದಾಗಿ ಹೇಳಿದೆ. ಕೊನೆಗೆ, "ಈ ಹೊತ್ತಿಗೂ ಎಣ್ಣೆಯ ಮುಂದೆ ದುಡಿಯುವ ನನ್ನ ಅತ್ತೆ ತೊಮಿಯೆಯಂಥವರ ಬೆವರೇ ಈ ದೇಶ!" ಎಂದು ಕಣ್ಣೊರೆಸಿಕೊಂಡೆ. ಗಂಟೆ ಹೊಡೆದರೂ ನನ್ನ ಬಾಯಿ ನಿಂತಿರಲಿಲ್ಲ.

ಹೊರಗೆ ಬಂದರೆ ಪತ್ರಕರ್ತರ ಹಿಂಡು. ಮಂತ್ರಿಯ ಉತ್ತರವನ್ನು ತಾನೇ ಓದಿ, ಅವರ ಕೈ ಬರಿದು ಮಾಡಿ, ನಿಜ ಬಾಯಿಬಿಡಿಸಿದ ಚಾಣಾಕ್ಷ ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದರು. "ಎಷ್ಟು ದಿನದಿಂದ ಯೋಚಿಸಿದ್ರಿ ಗುರುಗಳೇ, ಈ ತಂತ್ರನ?" ಎಂದೊಬ್ಬ ಕೇಳಿದ.

"ತಂತ್ರ ಅಂದ್ಮೇಲೆ ಹೇಳೋಕಾಗುತ್ತಾ?" ಎಂದೆ. ನಿಶಿಓಕಾ ಬೆನ್ನು ತಟ್ಟಿ ಹಾವುಮೀನಿನ ಊಟ ಹಾಕಿಸಿದರು. ಎರಡು ಸಲ ಬಡಿಸಿಕೊಂಡೆ.

ವಾರದ ಕೊನೆಗೆ ಊರಿಗೆ ಹೋದೆ. ಸಹಕಾರ ಸಂಘದ ಶಟರ್ ಕೆಳಗಿಳಿದಿತ್ತು. ಮಂತ್ರಿಯ ಬಾಯಿಂದ "ಬರಲ್ಲ" ಬಿದ್ದದ್ದೇ ತಡ, ಸಭಾಂಗಣದಲ್ಲಿದ್ದವರೆಲ್ಲ ಚಪ್ಪಲಿ ಯಾರದೆಂದು ನೋಡದೆ ಮೆಟ್ಟಿಕೊಂಡು ಅಲ್ಲಿಗೆ ಓಡಿದರಂತೆ. ಓಚಿ ಯಾರಿಗೂ ಇಲ್ಲ ಅನ್ನಲಿಲ್ಲವಂತೆ, ಸಾಲಿನಲ್ಲಿ ಬಂದವರಿಗೆಲ್ಲ ಕೊಡುತ್ತಾ ಹೋಗಿ, ದುಡ್ಡು ಮುಗಿದಾಗ ಹೊರಗೆ ಬಂದು ರಸ್ತೆಯಲ್ಲೇ ಮಂಡಿಯೂರಿದನಂತೆ.

ದುಡ್ಡು ಸಿಕ್ಕವರಿಗೆಲ್ಲ ನಾನು ದೇವರಾಗಿದ್ದೆ. ಕಿತ್ತಳೆ ತೋಟದ ಗೊತೊ ಒಂದು ಪೆಟ್ಟಿಗೆ ಹಣ್ಣನ್ನೇ ಹೊತ್ತು ತಂದ. "ನೀವು ಕೇಳದೆ ಇದ್ದಿದ್ರೆ ನಾನು ಮಣ್ಣು ತಿನ್ನಬೇಕಿತ್ತು ಗುರುಗಳೇ!" ಎಂದು ನನ್ನ ಎರಡೂ ಕೈ ಹಿಡಿದು ಅಲ್ಲಾಡಿಸಿದ. ಆ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಬೀಗುತ್ತಾ ಅತ್ತೆಯ ಅಂಗಡಿಗೆ ಹೋದೆ. ಅವಳು ವಡೆ ತಿರುವಿಹಾಕುತ್ತಿದ್ದಳು.

"ನೋಡಿದ್ಯಾ ಅತ್ತೆ? ನೀನು ಕೇಳು ಅಂದಿದ್ದನ್ನ ಕೇಳಿದೆ!"

"ನೋಡ್ದೆ ಕಣೋ. ಆ ಟೈ ನಿಂಗೆ ಒಪ್ಪುತ್ತೆ."

"ದುಡ್ಡು ತಂದಿಟ್ಕೊಂಡ್ಯಲ್ಲ?"

ಅವಳು ಎಣ್ಣೆಯ ಮೇಲಿನ ನೊರೆ ತೆಗೆದು ಪಕ್ಕಕ್ಕೆ ಬಡಿದಳು. "ನಾನು ಹೋಗೋ ಹೊತ್ತಿಗೆ ಓಚಿ ರಸ್ತೇಲಿದ್ದ. ಪಾಪ, ಮಳೆ ಬೇರೆ ಹನೀತಿತ್ತು. ಎಬ್ಬಿಸಿ ಮನೆಗೆ ಕಳಿಸ್ದೆ."

"ಎಲ್ಲರೂ ಓಡಿದ್ರಲ್ಲ! ನೀನ್ಯಾಕೆ ಓಡ್ಲಿಲ್ಲ? ಬರಲ್ಲ ಅಂದ್ರೆ ಅವತ್ತೇ ತಗೋತೀನಿ ಅಂದಿದ್ದೆ ತಾನೆ?"

ಅತ್ತೆ ನನ್ನ ಮುಖ ನೋಡಿದಳು. ಬೈಯುತ್ತಾಳೆಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ಹೇಗೋ ಏಳ್ಲಿ? ನೀನಿನ್ನೂ ಮಾತಾಡ್ತಿದ್ಯಲ್ಲ," ಎಂದಳು. "ಎಲ್ಲರೂ ಎದ್ದು ಹೋದ್ರೆ ನಮ್ಮ ತೆತ್ಸು ಮಾತು ಕೇಳೋಕೆ ಒಬ್ಬರೂ ಇಲ್ದಂಗಾಗುತ್ತಲ್ಲ ಅಂತ ಕೂತ್ಕೊಂಡೆ. ಕೊನೇಲಿ ನನ್ ಹೆಸರೂ ಬಂತು. ಖಾಲಿ ಸಭಾಂಗಣದಲ್ಲಿ ಎದ್ದು ನಿಂತು ಟೀವಿಗೇ ಬಾಗಿ ನಮಸ್ಕಾರ ಮಾಡ್ದೆ ಕಣೋ."