ಮಿಸ್ ಓಪಲಿನ್ ಮನೆಯ ಟಾರ್ಪಾಲು ಎಲ್ಲಿತ್ತು?

೧

ಈ ಕಥೆಯನ್ನು ಆಲಿಕಲ್ಲಿನಿಂದ ಶುರು ಮಾಡಲೋ, ವಿಮೆ ಪಾಲಿಸಿಯ ಹದಿನೇಳನೆಯ ಪುಟದಿಂದಲೋ? ಆಲಿಕಲ್ಲು ಬಿದ್ದರೆ ನೀವು ಓದುತ್ತೀರಿ. ಹದಿನೇಳನೆಯ ಪುಟವನ್ನು ಯಾರೂ ಓದುವುದಿಲ್ಲ. ಲವಾನ್ ಪ್ರೇಟರ್ ಕೂಡ ಓದಿರಲಿಲ್ಲ, ಅದಕ್ಕೇ ಈ ಕಥೆ ಹುಟ್ಟಿತು. ಹಾಗಾಗಿ ಮೊದಲು ಆ ಪುಟವನ್ನೇ ನಿಮ್ಮ ಮುಂದೆ ಹಿಡಿಯುತ್ತೇನೆ. ಓಡಬೇಡಿ, ಒಂದೇ ಸಾಲು: ಸೂರು ಬಿಚ್ಚಿದವರು ತಾತ್ಕಾಲಿಕ ಹೊದಿಕೆ ಹಾಸದೆ ಕೆಳಗಿಳಿದು ಹೋಗಿದ್ದರೆ, ಒಳಗೆ ಸುರಿದ ಮಳೆಯಿಂದಾದ ನಷ್ಟವನ್ನು ಕಂಪನಿ ಭರಿಸುವುದಿಲ್ಲ, ಅವರ ಪಾಲಿಸಿಯನ್ನೂ ರದ್ದು ಮಾಡುತ್ತದೆ.

(ನೋಡಿದಿರಾ, ಜೀವವೇನೂ ಹೋಗಲಿಲ್ಲ.)

೨

ಮೊದಲ ಕರಡು ಹೀಗಿತ್ತು: "ಒಕ್ಲಹೋಮದ ಬಯಲಿನ ಮೇಲೆ ಮೋಡಗಳು ಯಾವುದೋ ಹಳೆಯ ದುಃಖವನ್ನು ಹೊತ್ತು..." ಹರಿದು ಹಾಕಿದೆ. ಈ ಹಾಲೋವೇ ಊರಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಮೋಡ ಕಂಡರೆ ಇಲ್ಲಿನವರು ದುಃಖಪಡುವುದಿಲ್ಲ, ಕಾರನ್ನು ಶೆಡ್ಡಿಗೆ ಹಾಕುತ್ತಾರೆ.

ಎರಡನೆಯ ಕರಡಿನಲ್ಲಿ ಲವಾನ್‌ಳ ಬಾಲ್ಯವಿತ್ತು. ಅವಳೇ ಓದಿ ಹಾಳೆ ಮಡಚಿದಳು.

"ನಮ್ಮಪ್ಪ ಕುಡೀತಿದ್ದ ಅಂತ ಬರ್ದಿದೀಯಲ್ಲ, ಯಾರು ಹೇಳಿದ್ದು ನಿಂಗೆ?"

"ಕಥೆಗೆ ಬೇಕಿತ್ತು."

"ಬೇಕಿದ್ರೆ ನಿಮ್ಮಪ್ಪನಿಗೆ ಕುಡಿಸು."

ಹಾಗಾಗಿ ಬಾಲ್ಯ ಇಲ್ಲ. ಇರುವುದಿಷ್ಟೇ: ವಯಸ್ಸು ಐವತ್ತಮೂರು, ಮನೆಗಳಿಗೆ ಸೂರು ಹೊದಿಸುವ ಗುತ್ತಿಗೆದಾರಳು, ಒಂದು ಟ್ರಕ್ಕು, ನಾಲ್ಕು ಜನ ಕೆಲಸಗಾರರು. ಅವರಲ್ಲಿ ಮೇಸ್ತ್ರಿ ಮೆಕ್ಸಿಕೋದ ಚಿವಾವದ ಯುಸೇಬಿಯೊ, ಹದಿನಾರು ವರ್ಷದಿಂದ ಅವಳ ಜೊತೆಗಿದ್ದಾನೆ. ಈ ಊರಲ್ಲಿ ಗೋಡೆಗೆ ಏಣಿ ಒರಗಿಸುವ ಮೊದಲು ಮನೆಯವರು ಕೇಳುವುದು ವಿಮೆಯ ಕಾಗದ. ಕಾಗದ ಇಲ್ಲದವರಿಗೆ ನಾಯಿಗೂಡಿನ ಸೂರು ಕೂಡ ಸಿಗುವುದಿಲ್ಲ. ಲವಾನ್‌ಳ ಕಾಗದ ಹೋದರೆ ಐದು ಮನೆಗಳ ಒಲೆ ಆರುತ್ತದೆ. ಇದೊಂದನ್ನು ನೆನಪಿಟ್ಟುಕೊಳ್ಳಿ, ಬೇರೆಯದನ್ನು ನಾನು ನೋಡಿಕೊಳ್ಳುತ್ತೇನೆ.

೩

ಮೇ ತಿಂಗಳ ಒಂದು ಬುಧವಾರ. ಮಿಸ್ ಓಪಲಿನ್ ಸ್ಟ್ರೌಡ್ ಮನೆಯ ಪಶ್ಚಿಮದ ಇಳಿಜಾರನ್ನು ಲವಾನ್‌ಳ ತಂಡ ಹಲಗೆ ಕಾಣುವವರೆಗೆ ಬಿಚ್ಚಿತ್ತು. ಓಪಲಿನ್‌ಗೆ ಎಂಬತ್ತೊಂದು. ಅರ್ಧ ಊರಿಗೆ ಸಂಗೀತ ಕಲಿಸಿದ ಮೇಡಮ್ಮು, ಲವಾನ್‌ಗೂ ಕಲಿಸಿದವಳು.

ಪಶ್ಚಿಮದ ಗೋಡೆಯುದ್ದಕ್ಕೂ ಪಿಯೊನಿ ಗಿಡಗಳು, ಒಂದೊಂದು ಹೂವೂ ಬಟ್ಟಲಿನಷ್ಟು ದೊಡ್ಡದು. ಮೇ ಕೊನೆಯ ಸೋಮವಾರ ಇಲ್ಲಿ ಎಲ್ಲರೂ ತಮ್ಮವರ ಸಮಾಧಿಗೆ ಹೂವಿಡುತ್ತಾರೆ. ಅಂಗಡಿ ಹೂವನ್ನು ಗಂಡನ ಸಮಾಧಿಗೆ ಇಟ್ಟವಳಲ್ಲ ಓಪಲಿನ್.

"ಹೂವಿನ್ ಮೇಲೆ ಮೊಳೆಗಿಳೆ ಬೀಳ್ಸೀಯ ಕಣೇ," ಎಂದಿದ್ದಳು ಬೆಳಿಗ್ಗೆಯೇ.

"ಒಂದ್ ಎಸಳೂ ಮುಕ್ಕಾಗಲ್ಲ ಟೀಚರ್."

ಪ್ಲೈವುಡ್ ಹಲಗೆಗಳನ್ನು ಗೋಡೆಗೆ ಓರೆಯಾಗಿ ಒರಗಿಸಿ ಮೇಲೆ ಟಾರ್ಪಾಲು ಹೊದಿಸಿದರು. ಒಂದು ಸಾಲಲಿಲ್ಲ. ಟ್ರಕ್ಕಿನಲ್ಲಿ ಇದ್ದದ್ದೇ ಎರಡು, ಇನ್ನೊಂದು ಸೂರಿಗೆಂದು ಇಟ್ಟದ್ದು. "ಅದನ್ನೂ ತಾ," ಅಂದವಳು ಲವಾನ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ನೀವು ನಗಬಹುದು. ಹನ್ನೆರಡಕ್ಕೆ ಹದಿನೈದು ನಿಮಿಷ ಇರುವಾಗ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಊಟಕ್ಕೆ ಬೇಕಾದದ್ದು ಅರ್ಧ ಗಂಟೆ.

ಬುಧವಾರದ ಊಟ ಎರಡು ಬೀದಿಯಾಚೆ, ಚರ್ಚಿನ ನೆಲಮಾಳಿಗೆಯಲ್ಲಿ. ಹುರಿದ ಮೀನು, ಎಲೆಕೋಸಿನ ಕೋಸಂಬರಿ, ಪೀಚ್ ಹಣ್ಣಿನ ಪೈ. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಊರಿನ ಬಿರುಗಾಳಿ ಸೈರನ್ನನ್ನೂ ಪರೀಕ್ಷೆಗೆಂದು ಕೂಗಿಸುತ್ತಾರೆ. ಆ ಕೂಗಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಾರೆಯೇ ಹೊರತು ಯಾರೂ ತಲೆ ಎತ್ತುವುದಿಲ್ಲ.

ಅಂದು ಹನ್ನೆರಡಕ್ಕೆ ಕೂಗಿತು.

"ಯಾಕೋ ಇವತ್ತು ಉದ್ದ ಆಯ್ತು ಯಜಮಾನ್ತಿ," ಅಂದ ಯುಸೇಬಿಯೊ.

"ಸ್ವಿಚ್ ಒತ್ತೋನು ಅಲ್ಲೇ ನಿದ್ದೆ ಹೋಗಿರ್ತಾನೆ ಬಿಡೋ. ಪೈ ತಿನ್ನು."

ಪರವೂರಿನವರು ಒಬ್ಬರಿದ್ದಿದ್ದರೆ ಎದ್ದು ಓಡುತ್ತಿದ್ದರು. ಅಲ್ಲಿದ್ದವರೆಲ್ಲ ಹಾಲೋವೇಯವರು, ತಿನ್ನುತ್ತಾ ಕೂತರು. ಕಿಟಕಿಯ ಗಾಜಿಗೆ ನಿಂಬೆಹಣ್ಣಿನಷ್ಟು ದೊಡ್ಡ ಆಲಿಕಲ್ಲು ಬಡಿದಾಗಲೇ ಗೊತ್ತಾದದ್ದು, ಆ ಬುಧವಾರ ಸೈರನ್ನು ನಿಜ ಹೇಳಿತ್ತು.

ಇಡೀ ಊರಲ್ಲಿ ಅದನ್ನು ನಂಬಿದವಳು ಓಪಲಿನ್ ಒಬ್ಬಳೇ. ತಲೆಯ ಮೇಲೆ ದಿಂಬಿಟ್ಟುಕೊಂಡು ಸ್ನಾನದ ತೊಟ್ಟಿಯಲ್ಲಿ ಮಲಗಿದ್ದಳು. ಅದರಿಂದಲೇ ಬದುಕಿದಳು, ಏಕೆಂದರೆ ಮುಂದಿನ ಕೋಣೆಯ ಚಾವಣಿ ನೆನೆದು ಪಿಯಾನೋದ ಮೇಲೂ ಅವಳು ದಿನಾ ಕೂರುವ ಕುರ್ಚಿಯ ಮೇಲೂ ಕುಸಿದಿತ್ತು.

ಇಲ್ಲಿ ಕಥೆ ನಿಲ್ಲುತ್ತದೆ. ಲವಾನ್ ಬಂದು ನನ್ನ ಮೇಜಿನ ಮುಂದೆ ನಿಂತಿದ್ದಾಳೆ.

"ಆ ಹದಿನೇಳನೇ ಪುಟ ಯಾರು ಹಾಕಿದ್ದು?"

"ಕಂಪನಿಯವರು."

"ಕಂಪನೀನ ಹುಟ್ಟಿಸಿದೋನು ನೀನಲ್ವಾ? ತೆಗಿ ಅದನ್ನ."

"ತೆಗೆದ್ರೆ ಕಥೆ ಉಳಿಯಲ್ಲ."

"ನನ್ ಹುಡುಗ್ರ ಕೆಲಸ ಉಳಿಯತ್ತೆ."

ನಿಜ ಹೇಳುತ್ತೇನೆ, ನನಗೆ ನಾಚಿಕೆಯಾಯಿತು. ಆದರೂ ತೆಗೆಯಲಿಲ್ಲ. (ಲೇಖಕರೆಂದರೆ ಹೀಗೇ. ಬೇರೆಯವರ ಚಾವಣಿ ಬಿದ್ದರೇನೇ ನಮಗೆ ಅನ್ನ.)

೩ (ಮತ್ತೆ. ಹಿಂದಿನದು ಬೇಕೆಂದಿದ್ದಕ್ಕಿಂತ ಉದ್ದವಾಯಿತು)

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ವಿಮಾ ಕಂಪನಿಯ ತನಿಖೆಯವನು ಬರುತ್ತಾನೆ. ಅವನು ಕೇಳುವುದು ಒಂದೇ ಪ್ರಶ್ನೆ: ಇಳಿಯುವಾಗ ಸೂರಿನ ಮೇಲೆ ಹೊದಿಕೆ ಇತ್ತೇ?

ಒಂಬತ್ತಕ್ಕೆ ಲವಾನ್, ಯುಸೇಬಿಯೊ, ಓಪಲಿನ್ ಮೂವರೂ ಅಂಗಳದಲ್ಲಿದ್ದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬಂತೆ, ಸೂರಿನ ಮೇಲೀಗ ಎರಡೂ ಟಾರ್ಪಾಲುಗಳಿದ್ದವು.

"ಗಾಳಿ ಕಿತ್ಕೊಂಡ್ ಹೋಯ್ತು ಅನ್ನೋಣ," ಅಂದ ಯುಸೇಬಿಯೊ. "ಅಂಥ ಗಾಳಿಗೆ ಟ್ರಕ್ಕೇ ಮಗುಚಿದೆ. ಟಾರ್ಪಾಲು ಯಾವ ಲೆಕ್ಕ?"

"ಹಾರಿದ್ದನ್ನ ನಾನೇ ಕಣ್ಣಾರೆ ಕಂಡೆ ಅಂತೀನಿ," ಅಂದಳು ಓಪಲಿನ್.

"ನೀವು ತೊಟ್ಟೀಲಿದ್ರಿ ಟೀಚರ್. ಅಲ್ಲಿ ಕಿಟಕಿ ಇಲ್ಲ."

"ನಲವತ್ತು ವರ್ಷ ಈ ಊರ ಮಕ್ಕಳಿಗೆ ಚೆನ್ನಾಗಿ ಹಾಡ್ತೀರ ಅಂದಿದೀನಿ. ಇದೊಂದು ಸುಳ್ಳು ಬರಲ್ವಾ ನಂಗೆ?"

ನನಗೂ ಅದೇ ಸರಿ ಎನಿಸಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ; ಒಂದೇ ಸುಳ್ಳಿಗೆ ಒಂದು ಸೂರು, ಒಂದು ಚಾವಣಿ, ಐದು ಒಲೆ ಉಳಿಯುವುದಾದರೆ ಬಿಡುವವರುಂಟೇ? ಲವಾನ್ ಕೂಡ ಬೇಡ ಅನ್ನಲಿಲ್ಲ. ಅವಳೇನೂ ಸತ್ಯಹರಿಶ್ಚಂದ್ರನ ವಂಶದವಳಲ್ಲ. ಬಾಯಿ ತೆರೆದು "ಸರಿ" ಅನ್ನುವುದರಲ್ಲಿದ್ದಳು, ಅಷ್ಟರಲ್ಲಿ ಕಣ್ಣು ಗೋಡೆಯ ಕಡೆ ಹೊರಳಿತು.

ಆ ಬೀದಿಯಲ್ಲಿ ಒಂದು ಎಲೆಯೂ ನೆಟ್ಟಗಿರಲಿಲ್ಲ. ಪಕ್ಕದ ಮನೆಯ ಗುಲಾಬಿ ಬರೀ ಕಡ್ಡಿ, ಎದುರು ಮನೆಯ ಟೊಮೇಟೊ ನೆಲಕ್ಕಂಟಿದ ಗೊಜ್ಜು. ಇಲ್ಲಿ ಮಾತ್ರ ಪಿಯೊನಿಗಳು ಮದುವೆಗೆ ಹೊರಟವರ ಹಾಗೆ ನಿಂತಿದ್ದವು. ಕಣ್ಣಿದ್ದ ಯಾರಿಗೇ ಆದರೂ ಗೊತ್ತಾಗುತ್ತಿತ್ತು, ಬುಧವಾರ ಹನ್ನೆರಡಕ್ಕೆ ಹೊದಿಕೆ ಎಲ್ಲಿತ್ತು ಅಂತ.

ಓಪಲಿನ್ ಒಳಗೆ ಹೋಗಿ ಕತ್ತರಿ ತಂದಳು.

"ಮೂವತ್ತೊಂಬತ್ತು ಹೂ," ಅಂದಳು. "ಹತ್ತು ನಿಮಿಷದ್ ಕೆಲಸ. ಆಮೇಲೆ ಗಿಡಾನ ಕಾಲಲ್ಲಿ ತುಳಿದ್ಬಿಡೋಣ."

"ಸೋಮವಾರ ಯಜಮಾನ್ರ ಸಮಾಧಿಗೆ ಏನಿಡ್ತೀರಿ?" ಅಂದಳು ಲವಾನ್.

"ಸತ್ತೋರಿಗೆ ಮುಂದಿನ್ ವರ್ಷ ಇಟ್ರೂ ನಡಿಯತ್ತೆ. ಬದುಕಿರೋ ನಿಂಗೆ ಇವತ್ತು ಬೇಕು. ಸರಿ ಆಕಡೆ."

ಅಂತ್ಯ, ಮೊದಲನೆಯದು

ಹೂ ಕತ್ತರಿಸುತ್ತಾರೆ. ತನಿಖೆಯವನು ನಂಬುತ್ತಾನೆ. ಹಣ ಬರುತ್ತದೆ, ಪಿಯಾನೋ ಬರುತ್ತದೆ. ಸೋಮವಾರ ಓಪಲಿನ್ ಸ್ಮಶಾನಕ್ಕೆ ಬರಿಗೈಯಲ್ಲಿ ಹೋಗುತ್ತಾಳೆ. ಓದುಗರು ಕಣ್ಣೊರೆಸಿಕೊಳ್ಳುತ್ತಾರೆ. ಒಳ್ಳೆಯ ಅಂತ್ಯ. ಇದನ್ನು ಬರೆದು ನಾನು ಕಾಫಿ ಕುಡಿದೆ.

ಅಂತ್ಯ, ಎರಡನೆಯದು

ಕತ್ತರಿಸುವಾಗಲೇ ತನಿಖೆಯವನು ಬರುತ್ತಾನೆ, ಎಲ್ಲರೂ ಸಿಕ್ಕಿಬೀಳುತ್ತಾರೆ. (ಬೇಡ. ಇದನ್ನು ಬರೆಯಲು ನಾನು ಬೇಕಿಲ್ಲ, ಟಿ.ವಿ. ಇದೆ.)

ಲವಾನ್ ಎರಡನ್ನೂ ಓದಿದಳು.

"ಎರಡ್ರಲ್ಲೂ ಹೂ ಕುಯ್ತಿದೀಯ," ಅಂದಳು.

"ಕುಯ್ಯದೆ ದಾರಿ ಇಲ್ಲ ಲವಾನ್. ಕುಯ್ಯದಿದ್ರೆ ನಿನ್ ಕಾಗದ ಹೋಗತ್ತೆ. ಹದಿನೇಳನೇ ಪುಟ."

"ಬುಧವಾರ ನಾನ್ ಮಾಡಿದ್ದೆಲ್ಲ ತಪ್ಪೇ. ಸೂರು ತೆರೆದಿಟ್ಟೆ, ತಪ್ಪು. ಸೈರನ್ ಕೇಳಿ ಪೈ ತಿಂದೆ, ದೊಡ್ ತಪ್ಪು. ಒಂದ್ ಎಸಳೂ ಮುಕ್ಕಾಗಲ್ಲ ಅಂದೆ ನೋಡು, ಅದೊಂದು ಮಾತ್ರ ನಡೆಸ್ಕೊಟ್ಟೆ. ಅಂಥಾ ಆಲಿಕಲ್ಲಲ್ಲೂ ಒಂದೂ ಮುಕ್ಕಾಗಿಲ್ಲ. ನಾನ್ ನೆಟ್ಟಗೆ ಮಾಡಿದ್ದು ಇರೋದೇ ಅದೊಂದು. ಅದನ್ನೇ ಕುಯ್ದು ಹಾಕು ಅಂತೀಯ."

ಇಪ್ಪತ್ತು ವರ್ಷ ಕಥೆ ಬರೆದವನು ಪೆನ್ನು ಕೆಳಗಿಟ್ಟೆ.

ಅಂತ್ಯ, ನಾನು ಬರೆಯದ್ದು

ಲವಾನ್ ಓಪಲಿನ್‌ಳ ಕೈಯಿಂದ ಕತ್ತರಿ ಕಿತ್ತುಕೊಂಡು ಜೇಬಿಗಿಟ್ಟುಕೊಂಡಳು. ಬಿಳಿ ಕಾರು ಬಂದು ನಿಂತಿತು. ಇಳಿದವನು ಮೂವತ್ತರ ಆಸುಪಾಸಿನವನು, ಹೆಸರು ಸೋಲ್ಬರ್ಗ್, ಹೊಸ ಬೂಟು. ತಲೆಯೆತ್ತಿ ಸೂರು ನೋಡಿದ.

"ಇಳಿಯುವಾಗ ಹೊದಿಕೆ ಇತ್ತಾ ಮೇಡಂ?"

"ಇತ್ತು," ಅಂದಳು ಲವಾನ್. ಯುಸೇಬಿಯೊ ಕಣ್ಣು ಮುಚ್ಚಿಕೊಂಡ. "ಸೂರಿನ್ ಮೇಲಲ್ಲ. ಇಲ್ಲಿತ್ತು, ಬನ್ನಿ ತೋರಿಸ್ತೀನಿ."

ಅವನು ಗೋಡೆಯುದ್ದಕ್ಕೂ ನಡೆದ. ಪಕ್ಕದ ಮನೆಯ ಕಡ್ಡಿಗಳನ್ನು ನೋಡಿದ, ಹೂಗಳನ್ನು ನೋಡಿದ.

"ಇದನ್ನ ನೀವು ಹೇಳ್ಬೇಕಾಗಿರ್ಲಿಲ್ಲ," ಅಂದ ಮೆಲ್ಲಗೆ.

"ಗೊತ್ತು. ಬರ್ಕೊಳ್ಳಿ."

ಅವನು ಬಹಳ ಹೊತ್ತು ಬರೆದುಕೊಂಡ. ಒಂದೇ ಸಾಲಿನ ಉತ್ತರಕ್ಕೆ ಅಷ್ಟು ಹೊತ್ತು ಯಾಕೆ ಬೇಕಾಯಿತೋ. ಉತ್ತರ ಹತ್ತು ದಿನದಲ್ಲಿ ಬರುತ್ತದೆ ಎಂದು ಹೇಳಿ ಕಾರು ಹತ್ತಿದ. ಓಪಲಿನ್ ಗೋಡೆಗೆ ಒರಗಿ ನಿಂತು ಸದ್ದಿಲ್ಲದೆ ಅಳುತ್ತಿದ್ದಳು. ಲವಾನ್ ಅವಳ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತಳು.

ಅವನು ಏನು ಬರೆದ ಎಂದು ನೀವು ಕೇಳುತ್ತೀರಿ. ನಾನು ಲೇಖಕ, ಅವನ ಹೆಗಲ ಮೇಲಿಂದ ಬಗ್ಗಿ ನೋಡುವ ಹಕ್ಕು ನನಗಿದೆ. ನೋಡದಿದ್ದರೂ ಬರೆದುಬಿಡಬಲ್ಲೆ: ದಯೆ ತೋರಿದ, ಅಥವಾ ತೋರಲಿಲ್ಲ. ಪೆನ್ನು ಕೈಗೆತ್ತಿಕೊಂಡೆ.

"ಇಡು ಕೆಳಗೆ," ಅಂದಳು ಲವಾನ್.

"ಒಳ್ಳೇದೇ ಬರೀತೀನಿ ಲವಾನ್. ಕಂಪನಿ ಒಪ್ಕೊಳ್ತು ಅಂತ. ಒಂದೇ ಸಾಲು."

"ಬರ್ದು ಏನ್ಮಾಡ್ತೀಯ? ನಿನ್ ಕಥೆ ಅವನು ಓದಲ್ಲ."

ಅಷ್ಟು ಹೇಳಿ ಅವಳು ಏಣಿ ಹತ್ತಿದಳು. ಕಾಗದ ಇನ್ನೂ ಹತ್ತು ದಿನ ಅವಳ ಹೆಸರಲ್ಲೇ ಇದೆ.