ಸದ್ದಿಲ್ಲದಾಗ ಒತ್ತಿದ ಗುಂಡಿ

ನನ್ನ ಸೋದರಮಾವನಿಗೆ ನೆಂಟರೆಲ್ಲ ಇಟ್ಟ ಹೆಸರು ಮೈಕ್ ಮಾವ. ಮದುವೆಮನೆಯಾಗಲಿ ಸಾವಿನ ಮನೆಯಾಗಲಿ, ನಾಲ್ಕು ಜನ ಕೂತಿದ್ದರೆ ಸಾಕು, ಎದ್ದು ನಿಂತು ಶುರು ಹಚ್ಚಿಕೊಳ್ಳುತ್ತಾನೆ. "ದೇವರು ನಂಬಿದವರ ಪಾಲಿಗೆ ಇದ್ದಾನೆ, ನಂಬದವರ ಪಾಲಿಗೆ ಇಲ್ಲ. ಎಲ್ಲಾ ನಮ್ಮ ನಂಬಿಕೆ, ಅಷ್ಟೇ!" ಭಕ್ತರೂ ತಲೆದೂಗುತ್ತಾರೆ, ನನ್ನಂಥ ನಾಸ್ತಿಕರೂ ತಲೆದೂಗಬೇಕು. ಎರಡೂ ಕಡೆಯಿಂದ ಚಪ್ಪಾಳೆ. ಜಾಣ ಅಂದರೆ ಹೀಗಿರಬೇಕು ನೋಡಿ!

ನನ್ನ ತಮ್ಮ ತೀರಿಕೊಂಡಾಗ ನಮ್ಮ ಮನೆಗೂ ಬಂದು ಅದನ್ನೇ ಊದಿದ. ಅಮ್ಮನ ಮುಖ ಕಪ್ಪಿಟ್ಟಿತು. ತಮ್ಮ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗ ಅವಳು ಸಿಟ್ಟಿನಲ್ಲಿ "ದೇವರೂ ಇಲ್ಲ, ಗೀವರೂ ಇಲ್ಲ" ಎಂದು ಪ್ರಾರ್ಥನೆಯನ್ನೇ ಬಿಟ್ಟಿದ್ದಳು. ಮಾವ ಅತ್ತ ಹೋದದ್ದೇ ತಡ, ನನ್ನ ಕೈ ಹಿಡಿದುಕೊಂಡಳು.

"ನಾನು ನಂಬದೆ ಹೋದೆ ಅಂತ ದೇವರು ಇಲ್ಲದೇ ಹೋದನಾ? ಆ ಹೊತ್ತಲ್ಲಿ ಮಗು ಪಕ್ಕ ಯಾರೂ ಇರ್ಲಿಲ್ವಾ?"

ಅಂದಿನಿಂದ ಅವಳ ಗಂಟಲಲ್ಲಿ ತುತ್ತು ಇಳಿಯುತ್ತಿಲ್ಲ. ಮಾವನನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಕೆಲಸ ಕಿವಿ ಪರೀಕ್ಷೆ. ಹೊರಗಿನ ಸದ್ದು ನುಗ್ಗದ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಡುತ್ತೇನೆ. ಸದ್ದು ಕೇಳಿದಾಗ ಒತ್ತಬೇಕು. ನಡುನಡುವೆ ಬೇಕೆಂದೇ ಸದ್ದು ಕೊಡದೆ ಸುಮ್ಮನಿರುತ್ತೇನೆ. ಕೇಳದಿದ್ದರೂ ಒತ್ತುವ ಶೂರರು ಆಗ ಸಿಕ್ಕಿಬೀಳುತ್ತಾರೆ.

ಮೊನ್ನೆ ಅಮ್ಮನೇ ಮಾವನನ್ನು ಎಳೆದುಕೊಂಡು ಬಂದಳು. ಫೋನಿನಲ್ಲಿ ಒಂದು ಕೇಳಿದರೆ ಇನ್ನೊಂದು ಹೇಳುತ್ತಾನಂತೆ. "ನನ್ನ ಕಿವಿಗೇನು ಧಾಡಿ?" ಎಂದು ಗೊಣಗುತ್ತ ಕೂತವನು, ಬಾಗಿಲು ಹಾಕಲು ಹೋದಾಗ ಬೆವರಿದ. "ಒಬ್ಬನೇ ಇರೋಕಾಗಲ್ಲಮ್ಮ, ಉಸಿರು ಕಟ್ಟುತ್ತೆ!" ಊರಿಗೆಲ್ಲ ಧೈರ್ಯ ಹೇಳುವ ಮಹಾಶಯ! ಅಮ್ಮನನ್ನು ಪಕ್ಕದ ಸ್ಟೂಲಿನಲ್ಲಿ ಕೂರಿಸಬೇಕಾಯಿತು.

ನಾನು ಸುಮ್ಮನಿದ್ದೆ. ಮಾವ ಒತ್ತಿದ. ಇನ್ನೂ ಸುಮ್ಮನಿದ್ದೆ. ಮತ್ತೆ ಒತ್ತಿ, ಗಾಜಿನಾಚೆಯಿಂದ ನನ್ನತ್ತ ನೋಡಿ ಮೀಸೆ ತಿರುವಿದ. ನನಗೆ ಹಾಲು ಕುಡಿದಷ್ಟು ಸಂತೋಷ. ಬಾಗಿಲು ತೆರೆದು ಕೂಗಿ ಹೇಳಿದೆ, "ಮಾವ, ನಾನು ಸದ್ದೇ ಕೊಟ್ಟಿಲ್ಲ!"

"ನನಗೆ ಕೇಳಿಸ್ತಲ್ಲ! ನನ್ನ ಪಾಲಿಗೆ ಇತ್ತು."

"ನಿನ್ನ ದೇವರೂ ಹೀಗೇನಾ?"

ಅಮ್ಮ ತಲೆ ತಗ್ಗಿಸಿದಳು. ನಾಲಿಗೆ ಕಚ್ಚಿಕೊಂಡೆ, ಆದರೆ ಆಡಿ ಆಗಿತ್ತು.

ಈಗ ನಿಜವಾದ, ಕೀರಲು ಸದ್ದು ಕೊಟ್ಟೆ. ಏರಿಸಿದೆ, ಇನ್ನೂ ಏರಿಸಿದೆ. ಮಾವ ಕಲ್ಲಿನಂತೆ ಕೂತಿದ್ದ. ಅಮ್ಮ ಅವನ ತೋಳು ಅಲುಗಾಡಿಸಿ ಕೂಗಿದಳು. "ಅಯ್ಯೋ ಅಣ್ಣ, ಒತ್ತೋ! ಇಲ್ಲಿ ನನಗೇ ಕೇಳ್ತಿದೆ!"

"ಏನಿದೆ ಕೇಳೋಕೆ? ಏನೂ ಇಲ್ಲ!"

ಹೊರಗೆ ಬಂದವನು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. "ಯಾರ ಕಣ್ಣಿಗೂ ಬೀಳದಂಥ ಕಿವಿ ಮಿಷನ್ ಕೊಡಮ್ಮ." ಕಾಣಬಾರದು, ಆದರೆ ಇರಬೇಕು! ಕಿವಿಯ ವಿಷಯದಲ್ಲಿ ಮಾತ್ರ ಬರೀ ನಂಬಿಕೆ ಸಾಲದಾಯಿತು ನೋಡಿ.

ಅಮ್ಮ ಒಳಗಿನಿಂದ ಎದ್ದು ಬಂದಿರಲಿಲ್ಲ. ಹೆಡ್‌ಫೋನನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

"ಅವನಿಗೆ ಕೇಳದೆ ಇದ್ದಾಗ್ಲೂ ಸದ್ದು ಇತ್ತು, ಅಲ್ವೇನೇ?"

"ಇತ್ತಮ್ಮ."

"ಹಾಗಿದ್ರೆ ಮಗು ಪಕ್ಕಾನೂ ದೇವರು... ಇದ್ದಿರ್ತಾನೆ, ಅಲ್ವಾ?"

ಸದ್ದೇ ಇಲ್ಲದಾಗ ಮಾವ ಒತ್ತಿದ್ದನ್ನು ಅವಳೂ ಕಂಡಿದ್ದಳು. ಅದನ್ನು ನೆನಪಿಸಲು ಬಾಯಿ ತೆರೆದೆ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇದ್ದ, ಅಮ್ಮ," ಎಂದೆ.

ಏನೂ ಕೇಳಿಸದೆ ಗುಂಡಿ ಒತ್ತುವವರ ಸಾಲಿಗೆ ನಾನೂ ಸೇರಿದೆ. ಮೇಜಿನ ಮೇಲೆ ನನ್ನ ಊಟದ ಡಬ್ಬಿ ಇತ್ತು. ಅಮ್ಮ ಹೊರಗೆ ಬಂದು ಅದನ್ನು ಎಳೆದುಕೊಂಡು ಮುಚ್ಚಳ ತೆಗೆದಳು.