ಗೋಡೆಯ ಹಿಂದಿನ ನಾಲ್ಕು ನಿಮಿಷ

ಗುರುವಾರ ಇಳಿಹೊತ್ತಿಗೆ ಹೆಂಡತಿಯ ಗೋರಿಗೆ ಹೂವು ಹಾಕಿ ಬರುವುದನ್ನು ಸರ್ವಿದಿ ಆರು ವರ್ಷಗಳಲ್ಲಿ ಒಂದು ವಾರವೂ ತಪ್ಪಿಸಿರಲಿಲ್ಲ. ಕಾರಾಂಗ್‌ಸೆವು ಊರಿನ ಗೋರಿಗಳೆಲ್ಲ ಈಗ ಕಡಲೊಳಗಿದ್ದವು. ಜಾವಾದ ಆ ಉತ್ತರದ ದಡ ವರ್ಷವರ್ಷವೂ ಕುಸಿಯುತ್ತಾ ಮೊದಲು ಗದ್ದೆ ಹೋಯಿತು, ಆಮೇಲೆ ಶಾಲೆ ಹೋಯಿತು, ಕೊನೆಗೆ ಸತ್ತವರ ಜಾಗಕ್ಕೂ ನೀರು ನುಗ್ಗಿತು. ಇಳಿತದಲ್ಲಿ ಮೊಣಕಾಲುದ್ದ, ಭರತದಲ್ಲಿ ಎದೆಮಟ್ಟ. ಏಡಿ ಹಿಡಿದೇ ಮುದುಕನಾದ ಸರ್ವಿದಿಗೆ ಅದೇನು ದೊಡ್ಡದಲ್ಲ. ಇಳಿತ ನೋಡಿಕೊಂಡು ಲುಂಗಿ ಎತ್ತಿ ಕಟ್ಟಿ ಹೋಗಿಬರುತ್ತಿದ್ದ.

ಇದನ್ನು ಕೇಳಿಯೇ ಪ್ರಸೋಜೊ ಜಕಾರ್ತಾದಿಂದ ಬಂದದ್ದು. ಹದಿನೈದು ವರ್ಷ ಪತ್ರಿಕೆಯಲ್ಲಿ ಬರೆದವನು. ಪತ್ರಿಕೆ ಮುಚ್ಚಿದ ಮೇಲೆ, ಕಣ್ಣಿಗೆ ಕಟ್ಟಿಕೊಂಡರೆ ಅಲ್ಲೇ ನಿಂತಂತೆ ಸುತ್ತಲೂ ಕಾಣುವ ಹೆಡ್‌ಸೆಟ್ಟಿನಲ್ಲಿ ಸುದ್ದಿ ತೋರಿಸುವ ಕಂಪನಿಯೊಂದಕ್ಕೆ ಸೇರಿದ್ದ. ಅವನ ಕ್ಯಾಮೆರಾ ಒಂದು ಕೋಲು, ಕೋಲಿನ ತುದಿಗೊಂದು ಗುಂಡು. ಅದಕ್ಕೆ ಸುತ್ತಲೂ ಕಣ್ಣು.

"ಎಲ್ಲಾ ಕಡೆ ನೋಡುತ್ತಾ ಇದು?" ಎಂದು ಸರ್ವಿದಿ ಗುಂಡನ್ನು ಒಂದು ಸುತ್ತು ಹಾಕಿ ನೋಡಿದ. "ಹಂಗಾದ್ರೆ ನಾನು ಉಚ್ಚೆ ಹೊಯ್ಯೋಕೆ ಎಲ್ಲಿಗೆ ಹೋಗ್ಲಿ, ಮಾಸ್?" ತನಗಿಂತ ಚಿಕ್ಕ ಗಂಡಸರನ್ನು ಅಲ್ಲಿ ಮಾಸ್ ಅನ್ನುತ್ತಾರೆ, ಹಿರಿಯರನ್ನು ಪಾಕ್.

ಮಗಳು ಯಾತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಅಪ್ಪಾ, ಊರಿನ ಮಾನ ತೆಗೀಬೇಡ."

"ಮೊದಲೇ ಹೋಗ್ಬಿಡಿ, ಪಾಕ್," ಎಂದ ಪ್ರಸೋಜೊನೂ ನಗುತ್ತಾ. ಆಮೇಲೆ ಗಂಭೀರವಾಗಿ ಹೇಳಿದ: "ನೋಡಿ, ನಾನು ಅಲ್ಲಿ ಇರೋ ಹಂಗಿಲ್ಲ. ಇದ್ರೆ ಚಿತ್ರದಲ್ಲಿ ಬಂದ್ಬಿಡ್ತೀನಿ. ಆ ಮುರಿದ ಶಾಲೆ ಗೋಡೆ ಹಿಂದೆ ಕೂತಿರ್ತೀನಿ. ನನ್ನ ಕಡೆ ನೋಡ್ಬೇಡಿ, ಕೂಗ್ಬೇಡಿ. ನಾನು ಇಲ್ಲವೇ ಇಲ್ಲ ಅಂದ್ಕೊಳ್ಳಿ."

"ಇಲ್ಲದೋರನ್ನ ನೋಡೋಕೇ ಅಲ್ವಾ ನಾನು ಹೋಗೋದು," ಎಂದ ಸರ್ವಿದಿ.

ಗೋಡೆ ಗೋರಿಯಿಂದ ಐವತ್ತು ಹೆಜ್ಜೆ ದೂರವಿತ್ತು. ಪ್ರಸೋಜೊ ಕಲ್ಲಿನ ಮೇಲೆ ಕೂತು, ಗೋರಿಯ ಪಕ್ಕ ನೆಟ್ಟು ಬಂದಿದ್ದ ಕ್ಯಾಮೆರಾದ ಚಿತ್ರವನ್ನು ಮೊಬೈಲಿನಲ್ಲಿ ನೋಡುತ್ತಿದ್ದ. ಸರ್ವಿದಿ ನೀರಲ್ಲಿ ಮೆಲ್ಲಗೆ ಬಂದ. ಗೋರಿಯ ತಲೆಯ ಬಳಿ ಗುರುತಿಗೆ ನೆಟ್ಟಿದ್ದ ತಲೆಮರಕ್ಕೆ ಮೆತ್ತಿದ್ದ ಪಾಚಿಯನ್ನು ಅಂಗೈಯಿಂದ ಉಜ್ಜಿದ, ಗುಲಾಬಿ ಎಸಳು ಚೆಲ್ಲಿದ. ಎಸಳುಗಳು ನಿಲ್ಲದೆ ತೇಲಿಹೋದವು. ಅವನು ಎರಡನ್ನು ಹಿಡಿದು ತಂದು ಮತ್ತೆ ಅಲ್ಲೇ ಇಟ್ಟ. ಪ್ರಸೋಜೊ ಪರದೆಯನ್ನು ಹತ್ತಿರ ಹಿಡಿದ. ಇಂಥದ್ದು ಬರೆದರೆ ಸಿಗುವುದಿಲ್ಲ ಅಂದುಕೊಂಡ.

ಆಮೇಲೆ ಸರ್ವಿದಿ ಮಂಡಿಯೂರಿದ. ಎರಡೂ ಕೈಯಲ್ಲಿ ತಲೆಮರವನ್ನು ತಬ್ಬಿ ಹಣೆ ಆನಿಸಿದ. ಭುಜ ಅದುರುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡ ಪ್ರಸೋಜೊ.

"ಮಾಸ್..."

ದನಿ ಗೋಡೆಯಾಚೆಯಿಂದಲೇ ಕೇಳಿತು. ಜೋರಾಗಿರಲಿಲ್ಲ. ಪ್ರಸೋಜೊ ಅರ್ಧ ಎದ್ದ. ಈಗ ಹೋದರೆ ಎಲ್ಲಾ ಕೆಡುತ್ತದೆ, ಮುಂದಿನ ಗುರುವಾರದವರೆಗೆ ಕಾಯಬೇಕು. ದುಃಖ ತಾನಾಗಿ ಇಳಿಯಲಿ, ಇನ್ನೊಂದು ನಿಮಿಷ ಅಂದುಕೊಂಡು ಮತ್ತೆ ಕೂತ. ಮತ್ತೊಮ್ಮೆ "ಮಾಸ್" ಅಂತ ಕೇಳಿದ ಹಾಗಾಯಿತು. ಗಾಳಿ ಇರಬಹುದು ಅಂದುಕೊಂಡ. ಕೈಗಳು ಮರದಿಂದ ಜಾರಿದ್ದನ್ನು ಚಿಕ್ಕ ಪರದೆಯಲ್ಲಿ ಕಂಡಾಗ ಮಾತ್ರ ಎದ್ದು ಓಡಿದ. ಸರ್ವಿದಿಯ ಮುಖ ನೀರೊಳಗಿತ್ತು.

ಎದೆಬಡಿತ ನಿಂತಿತ್ತು ಎಂದರು ಡಾಕ್ಟರು. ಬೇಗ ಎತ್ತಿ ಕರೆತಂದಿದ್ದರೆ ಉಳಿಯುತ್ತಿದ್ದನೇ ಎಂದು ಪ್ರಸೋಜೊ ಕೇಳಿದ್ದಕ್ಕೆ, "ಉಳೀಬಹುದಿತ್ತು, ಉಳೀದೇನೂ ಇರಬಹುದಿತ್ತು. ಯಾರು ಹೇಳ್ತಾರೆ?" ಎಂದರು. ಮೊದಲ ಕೂಗಿನಿಂದ ಅವನು ಓಡುವವರೆಗೆ ನಾಲ್ಕು ನಿಮಿಷವಾಗಿತ್ತು. ಅದನ್ನು ಕ್ಯಾಮೆರಾವೇ ಬರೆದಿಟ್ಟಿತ್ತು.

ಪತ್ರಿಕೆಯಲ್ಲಿದ್ದಾಗ ಒಮ್ಮೆ, ಪ್ರವಾಹದ ಊರಲ್ಲಿ ಮಾತಾಡುತ್ತಿದ್ದ ಹೆಂಗಸು ತಲೆ ತಿರುಗಿ ಬಿದ್ದಿದ್ದಳು. ಅವನು ಪುಸ್ತಕ ಎಸೆದು ಅವಳನ್ನು ಹಿಡಿದಿದ್ದ. ಅದು ಯೋಚಿಸಿ ಮಾಡಿದ್ದಾಗಿರಲಿಲ್ಲ. ಪಕ್ಕದಲ್ಲೇ ಇದ್ದ, ಹಿಡಿದ. ಈಗಿನ ಕಸುಬಿನಲ್ಲಿ ಪಕ್ಕದಲ್ಲಿರುವುದೇ ತಪ್ಪು.

ಜಕಾರ್ತಾದ ಕಚೇರಿಯಲ್ಲಿ ಸಂಪಾದಕಿ ಮೆಲಾನಿ ಅದನ್ನು ಐದು ಜನರಿಗೆ ಹಾಕಿ ತೋರಿಸಿದಳು. ಹೆಡ್‌ಸೆಟ್ ಕಟ್ಟಿಕೊಂಡ ಐವರೂ ಮುದುಕ ಮಂಡಿಯೂರುತ್ತಲೇ ಒಂದು ಹೆಜ್ಜೆ ಮುಂದಿಟ್ಟರು. ಲೆಕ್ಕದ ವಿಭಾಗದ ಹುಡುಗಿಯಂತೂ ಎರಡೂ ಕೈ ಚಾಚಿ, "ಅಯ್ಯೋ, ಯಾರಾದ್ರೂ ಹಿಡ್ಕೊಳ್ರೋ!" ಎಂದು ಖಾಲಿ ಗಾಳಿಯನ್ನು ತಬ್ಬಿ ಅತ್ತಳು.

"ನೋಡಿದ್ಯಾ?" ಎಂದಳು ಮೆಲಾನಿ. "ಇಷ್ಟು ದಿನ ಜನ ಓದಿ ಅಯ್ಯೋ ಅಂದು ಪುಟ ತಿರುಗಿಸ್ತಿದ್ರು. ಈಗ ಅಲ್ಲೇ ನಿಲ್ತಾರೆ. ಕೈ ಜಾರೋಕೆ ಮುಂಚೆ ನಿಲ್ಲಿಸೋಣ, ಸಾವು ತೋರಿಸೋದು ಬೇಡ. ಮಗಳ ಒಪ್ಪಿಗೆ ತಗೊಂಡು ಬಾ."

ಪ್ರಸೋಜೊ ಏನೂ ಕತ್ತರಿಸದ ಚಿತ್ರವನ್ನೇ ಹೊತ್ತುಕೊಂಡು ಹೋದ. ಯಾತಿ ಮೀನು ಹೊಗೆ ಹಾಕುವ ಚಪ್ಪರದಲ್ಲಿದ್ದಳು. ತೊರಕೆ ಮೀನಿನ ತುಂಡುಗಳನ್ನು ಕಡ್ಡಿಗೆ ಚುಚ್ಚುತ್ತಿದ್ದವಳು ಕೈ ತೊಳೆದು ಬಂದು ಹೆಡ್‌ಸೆಟ್ ಹಾಕಿಸಿಕೊಂಡಳು. ಹೊಗೆಯ ನಡುವೆ ನಿಂತು ಮೊದಲು ಕೆಳಗೆ ನೋಡಿದಳು, ನೀರಿದೆಯೇನೋ ಎಂಬಂತೆ ಪಾದ ಎತ್ತಿದಳು.

"ಅಪ್ಪ ಬಂದ," ಎಂದಳು.

ಎಸಳುಗಳು ತೇಲಿಹೋಗುವುದನ್ನು ನೋಡಿದಳು. ಆಮೇಲೆ ತಟ್ಟನೆ ಅಪ್ಪನ ಕಡೆಯಿಂದ ತಿರುಗಿ ಬಲಕ್ಕೆ ನೋಡಿದಳು, ಹಿಂದೆ ನೋಡಿದಳು, ಪೂರ್ತಿ ಒಂದು ಸುತ್ತು ಸುತ್ತಿದಳು.

"ನೀವೆಲ್ಲಿದ್ದೀರಿ? ಎಲ್ಲೂ ಕಾಣಲ್ವಲ್ಲ."

"ಗೋಡೆ ಹಿಂದೆ."

"ಅಲ್ಲಿಗೆ ಹೋಗೋಕಾಗುತ್ತಾ?"

"ಇಲ್ಲ, ಅಕ್ಕಾ. ನಿಂತಲ್ಲೇ ತಿರುಗಬಹುದು, ಅಷ್ಟೇ."

ಕೊನೆಯವರೆಗೂ ನೋಡಿ ಅವಳೇ ಹೆಡ್‌ಸೆಟ್ ಬಿಚ್ಚಿದಳು. ಕಣ್ಣುಗಳು ಒಣಗಿದ್ದವು. "ಅಪ್ಪ ಕೂಗಿದ್ದು ನಿಮಗೆ ಕೇಳಿಸ್ತಾ?"

ಇಲ್ಲ ಅನ್ನಬಹುದಿತ್ತು. "ಕೇಳಿಸ್ತು," ಎಂದ ಪ್ರಸೋಜೊ.

ಅವಳು ಕಿರುಚಲಿಲ್ಲ. ಮೀನಿನ ಮುಂದೆ ಕೂತು ಎರಡು ಕಡ್ಡಿ ಮುಗಿಸಿದಳು. ಆಮೇಲೆ ತಲೆ ಎತ್ತದೆ ಹೇಳಿದಳು: "ತೋರಿಸಿ. ಊರು ಮುಳುಗಿದ್ದು ಎಲ್ರೂ ನೋಡ್ಲಿ. ಆದ್ರೆ ಆ ಕೂಗು ಇರ್ಬೇಕು. ಗೋಡೆ ಹಿಂದೆ ಒಬ್ಬ ಕೂತಿದ್ದ ಅಂತಾನೂ ಹೇಳ್ಬೇಕು. ಹೇಳ್ತೀರಾ?"

"ಹೇಳ್ತೀನಿ. ಆಣೆಗೂ."

ಅವಳು ರುಜು ಹಾಕಿದಳು. ಕಾಗದಕ್ಕೆ ಮೀನಿನ ಎಣ್ಣೆ ಅಂಟಿತು.

ಮೆಲಾನಿ ಕೇಳಿ ತಲೆ ಕೊಡವಿದಳು. "ಹುಚ್ಚಾ ನಿಂಗೆ? ನೋಡೋರು ತಾವೊಬ್ರೇ ಅಲ್ಲಿದ್ದೀವಿ ಅಂದ್ಕೊಂಡಿರ್ತಾರೆ. ಗೋಡೆ ಹಿಂದೆ ಒಬ್ಬ ಇದ್ದ ಅಂದ್ರೆ ಎಲ್ಲಾ ಮುರಿದು ಬೀಳುತ್ತೆ. ಆ ಊರಿಗೆ ಬರೋ ಸಹಾಯಾನೂ ಹೋಗುತ್ತೆ, ನೆನಪಿರ್ಲಿ."

"ಮಾತು ಕೊಟ್ಟಿದ್ದೀನಿ, ಮೇಡಂ."

"ನಿನ್ನ ತಪ್ಪು ತೊಳ್ಕೊಳ್ಳೋಕೆ ಈ ಕೆಲಸ ಅಲ್ಲ."

ಒಂದು ಗಂಟೆ ವಾದ ಮಾಡಿದ. ಅವಳ ಮಾತಿನಲ್ಲಿ ನಿಜವೂ ಇತ್ತೆಂದೇ ಅವನ ದನಿ ಕುಗ್ಗುತ್ತಾ ಬಂತು. ಸಂಜೆಗೆ ಯಂತ್ರದ ಮುಂದೆ ಕೂತವನು ಅವನೇ. ಎರಡು ಕಡೆ "ಮಾಸ್" ಎಂಬ ದನಿಯನ್ನು ಹುಡುಕಿ ಅಳಿಸಿ, ಆ ಜಾಗಕ್ಕೆ ಗಾಳಿಯ ಸದ್ದು ತುಂಬಿದ. ಕೆಲಸ ಎಂದಿನಷ್ಟೇ ಅಚ್ಚುಕಟ್ಟಾಗಿ ಮುಗಿಯಿತು. ಅದೇ ಅವನಿಗೆ ಹೇಸಿಗೆಯಾಯಿತು.

ಚಿತ್ರ ದೇಶವೆಲ್ಲ ನೋಡಿತು. ತಾವು ಅಲ್ಲೇ ಇದ್ದಂತಾಯಿತು, ಕೈ ಚಾಚಿದೆವು ಎಂದು ಸಾವಿರಾರು ಜನ ಬರೆದರು. ಕಾರಾಂಗ್‌ಸೆವುವಿಗೆ ಅಧಿಕಾರಿಗಳ ಒಂದು ತಂಡ ಬಂದು, ಅಳತೆ ಮಾಡಿ, ಊಟ ಮಾಡಿ ಹೋಯಿತು. ಮಳೆಗಾಲದ ದೊಡ್ಡ ಭರತಕ್ಕೆ, ಹೆಂಡತಿಯ ಪಕ್ಕದಲ್ಲೇ ಮಣ್ಣು ಏರಿಸಿ ಮಾಡಿದ್ದ ಸರ್ವಿದಿಯ ಗೋರಿಯೂ ಅವಳದೂ ಒಟ್ಟಿಗೇ ಕಿತ್ತುಹೋದವು.

ಯಾತಿ ಪಕ್ಕದೂರಿನ ಯಾರದೋ ಹೆಡ್‌ಸೆಟ್ಟಿನಲ್ಲಿ ಅದನ್ನು ನೋಡಿದಳಂತೆ. ಅವಳಿಂದ ಒಂದೇ ಸಂದೇಶ ಬಂತು: "ಕೂಗನ್ನೂ ತೆಗೆದ್ಬಿಟ್ರಾ?"

ಪ್ರಸೋಜೊ ಉತ್ತರ ಬರೆದ, ಅಳಿಸಿದ, ಮತ್ತೆ ಬರೆದ. ಕೊನೆಗೆ ಏನನ್ನೂ ಕಳಿಸಲಿಲ್ಲ. ಆ ವಾರ ಅವನನ್ನು ಸುಲಾವೇಸಿ ದ್ವೀಪದ ಗಣಿಯೂರೊಂದಕ್ಕೆ ಕಳಿಸಿದರು. ಅವನು ಹೋದ.